ಅರಣ್ಯಮಾರ್ಗದ ಹರಿಕಾರ ಡೇನಿಯಲ್ ಬೂನ್

ಗಡಿ ಎಂಬ ಮಾತು ನಮ್ಮವರ ಕಿವಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯು ಜಾರಿಗೆ ಬಂದಾಗ ಕಾಸರಗೋಡಿನ ನಮ್ಮ ಹಿರಿಯರು ಇದ್ದ ಮನೆಯಲ್ಲಿಯೇ ಇದ್ದರು. ಅವರ ತೆಂಗು ಕಂಗುಗಳೂ ಗದ್ದೆಗಳೂ ದೇವಸ್ಥಾನಗಳೂ ಕದಲಲಿಲ್ಲ. ಗೆರೆಯೊಂದು ಮಾತ್ರ ಮಂಜೇಶ್ವರದ ಬಡಗಣ ಬದಿಗೆ ಬಿದ್ದಿತು. ಆದುದರಿಂದ ಗಡಿಯೆಂದರೆ ಯಾರೋ ಎಳೆದ ಗೆರೆ, ನಾವು ಅದರ ಬದಿಯಲ್ಲಿ ಬಾಳುವವರು ಎಂಬುದು ನಮ್ಮ ತಿಳಿವಳಿಕೆ. ಅಮೆರಿಕದ ಚರಿತ್ರೆಯಲ್ಲಿ ಇದೇ ಮಾತಿಗೆ ಬೇರೊಂದು ಅರ್ಥವುಂಟು. ಅಲ್ಲಿಯ ಗಡಿಯು ಯುರೋಪಿನಿಂದ ಬಂದ ಒಕ್ಕಲುಗಳು ವರ್ಷ ವರ್ಷವೂ ಪಡುವಣಕ್ಕೆ ತಳ್ಳಿಕೊಂಡು ಹೋದ ನೆಲದ ಅಂಚು. ಆ ಅಂಚಿನಲ್ಲಿ ಹುಟ್ಟಿ, ಅದನ್ನು ತನ್ನ ಕೈಯಾರೆ ಮುಂದಕ್ಕೆ ಸರಿಸಿ, ಕಡೆಗೆ ತಾನು ತೆರೆದ ನಾಡಿನಲ್ಲಿಯೇ ಅಂಗೈಯಗಲ ನೆಲವಿಲ್ಲದೆ ಹೊರಟುಹೋದ ಒಬ್ಬ ಮನುಷ್ಯನ ಬಾಳನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನಮಗೆ ತೋರಿತು. ಅವನೇ ಡೇನಿಯಲ್ ಬೂನ್.

ಬೂನನು ಹುಟ್ಟಿದ್ದು 1734ರ ನವೆಂಬರ್ 2ರಂದು, ಪೆನ್ಸಿಲ್ವೇನಿಯ ಪ್ರಾಂತದಲ್ಲಿ, ಇಂದಿನ ರೆಡಿಂಗ್ ಪಟ್ಟಣಕ್ಕೆ ಸಮೀಪದ ಓಲಿ ಕಣಿವೆಯಲ್ಲಿ. ಆಗ ಆ ನಾಡು ಇಂಗ್ಲೆಂಡಿನ ಅರಸನ ವಸಾಹತು. ತಂದೆ ಸ್ಕ್ವಯರ್ ಬೂನ್ ಇಂಗ್ಲೆಂಡಿನಿಂದ ಬಂದವನು. ನೇಯ್ಗೆಯನ್ನೂ ಕಮ್ಮಾರಿಕೆಯನ್ನೂ ಬಲ್ಲವನು. ತಾಯಿ ಸಾರಾ ಮಾರ್ಗನ್. ಹನ್ನೊಂದು ಮಂದಿ ಮಕ್ಕಳಲ್ಲಿ ಡೇನಿಯಲ್ ಆರನೆಯವನು. ಮನೆತನವು ಕ್ವೇಕರ್ ಪಂಥಕ್ಕೆ ಸೇರಿದುದು. ಯುದ್ಧವನ್ನೂ ಹಿಂಸೆಯನ್ನೂ ಒಪ್ಪದ ಆ ಪಂಥದ ಮನೆಯಲ್ಲಿ ಹುಟ್ಟಿದ ಮಗನೇ ಮುಂದೆ ಕೋವಿಯಿಂದ ಹೆಸರುವಾಸಿಯಾದದ್ದು ವಿಧಿಯ ವಿನೋದವೆನ್ನಬೇಕು. ಶಾಲೆಯ ಓದು ಅವನಿಗೆ ಹೆಚ್ಚಾಗಿ ದೊರೆಯಲಿಲ್ಲ. ಮನೆಯವರಿಂದಲೇ ಓದುಬರಹ ಕಲಿತನು. ಅವನ ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳು ಕೊನೆಯವರೆಗೂ ಉಳಿದವು. ಆದರೆ ದನ ಕಾಯುತ್ತ ಕಾಡಿನ ಅಂಚಿನಲ್ಲಿ ಬೆಳೆದ ಹುಡುಗನಿಗೆ ಮೃಗಗಳ ಹೆಜ್ಜೆಯ ಗುರುತು, ಗಾಳಿಯ ದಿಕ್ಕು, ನೀರಿನ ಜಾಡು ಇವೆಲ್ಲ ಅಕ್ಷರಗಳಷ್ಟೇ ಸ್ಪಷ್ಟವಾಗಿ ತಿಳಿಯುತ್ತಿದ್ದವು.

ಮಕ್ಕಳಿಬ್ಬರು ಪಂಥದ ಹೊರಗೆ ಮದುವೆಯಾದರೆಂಬ ಕಾರಣಕ್ಕೆ ಸ್ಕ್ವಯರ್ ಬೂನನಿಗೂ ಅವನ ಪಂಥದವರಿಗೂ ವಿರಸವುಂಟಾಗಿ, ಅವನನ್ನು ಸಭೆಯಿಂದ ಹೊರಗಿಟ್ಟರು. 1750ರಲ್ಲಿ ಅವನು ಸಂಸಾರಸಮೇತ ತೆಂಕಣಕ್ಕೆ ಹೊರಟು, ಉತ್ತರ ಕ್ಯಾರೊಲಿನಾದ ಯಾಡ್ಕಿನ್ ನದಿಯ ಬಳಿಯಲ್ಲಿ ನೆಲಸಿದನು. ಡೇನಿಯಲನು ಪಳಗಿದ ಬೇಟೆಗಾರನಾದುದು ಅಲ್ಲಿ. ಜಿಂಕೆಯ ತೊಗಲು ಆ ಕಾಲದಲ್ಲಿ ನಾಣ್ಯದಷ್ಟೇ ಬೆಲೆಯುಳ್ಳ ಸರಕು. ಶರತ್ಕಾಲದಲ್ಲಿ ಕಾಡು ಹೊಕ್ಕರೆ ವಸಂತದವರೆಗೆ ಹೊರಗೆ ಬಾರದ ದೀರ್ಘ ಬೇಟೆಗಳೇ ಅವನ ಜೀವನೋಪಾಯವಾದವು.

1755ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಒಹಾಯೊ ನದಿಯ ಪ್ರದೇಶಕ್ಕಾಗಿ ನಡೆದ ಹೋರಾಟದಲ್ಲಿ ಬೂನನು ಜನರಲ್ ಬ್ರಾಡಕ್ಕನ ದಂಡಿನಲ್ಲಿ ಗಾಡಿ ಹೊಡೆಯುವವನಾಗಿ ಹೋದನು. ಮುಂದೆ ರಾಷ್ಟ್ರಾಧ್ಯಕ್ಷನಾದ ಜಾರ್ಜ್ ವಾಷಿಂಗ್ಟನನೂ ಅದೇ ದಂಡಿನಲ್ಲಿದ್ದನು. ಜುಲೈ 9ರಂದು ಮೊನಾಂಗಹೀಲ ನದಿಯ ಬಳಿ ಫ್ರೆಂಚರೂ ಅವರ ಮಿತ್ರರಾದ ಮೂಲನಿವಾಸಿಗಳೂ ಮರಗಳ ಮರೆಯಿಂದ ಎರಗಿದರು. ಕೆಂಪಂಗಿಯ ಸೈನ್ಯವು ಸಾಲಾಗಿ ನಿಂತು ಸಾಲಾಗಿಯೇ ಬಿದ್ದಿತು. ಬ್ರಾಡಕ್ಕನು ಗಾಯಗೊಂಡು ಕೆಲವು ದಿನಗಳಲ್ಲಿ ಸತ್ತನು. ಬೂನನು ಗಾಡಿಯ ಹಗ್ಗ ಕತ್ತರಿಸಿ ಕುದುರೆಯೇರಿ ಪಾರಾದನು. ಕಾಡಿನಲ್ಲಿ ಕಾಡಿನವರ ರೀತಿಯಲ್ಲಿಯೇ ಹೋರಾಡಬೇಕೆಂಬ ಪಾಠವನ್ನು ಅವನು ಕಲಿತುದು ಅಲ್ಲಿ. ಅದೇ ದಂಡಯಾತ್ರೆಯಲ್ಲಿ ಜಾನ್ ಫಿನ್ಲಿ ಎಂಬ ವ್ಯಾಪಾರಿಯಿಂದ ಬೆಟ್ಟಗಳಾಚೆಯ ಕೆಂಟಕಿ ಎಂಬ ನಾಡಿನ ಸುದ್ದಿಯನ್ನೂ ಕೇಳಿದನು. ಆ ಸುದ್ದಿಯು ಹದಿನಾಲ್ಕು ವರ್ಷ ಅವನ ಮನಸ್ಸಿನಲ್ಲಿ ಬೇರುಬಿಟ್ಟಿತು.

1756ರ ಆಗಸ್ಟಿನಲ್ಲಿ ಬೂನನು ರೆಬೆಕ್ಕ ಬ್ರಯನಳನ್ನು ಮದುವೆಯಾದನು. ಇವರಿಗೆ ಹತ್ತು ಮಂದಿ ಮಕ್ಕಳು. ಅಲ್ಲದೆ ತಬ್ಬಲಿಗಳಾದ ನೆಂಟರ ಮಕ್ಕಳನ್ನೂ ಸಾಕಿದರು. ಗಂಡನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡಿನಲ್ಲಿದ್ದಾಗ ಹೊಲ ನೋಡಿಕೊಂಡು, ಹಸು ಕರೆದು, ಬಟ್ಟೆ ನೇಯ್ದು, ಅಗತ್ಯ ಬಿದ್ದಾಗ ಕೋವಿ ಹಿಡಿದು ಮನೆ ಕಾದವಳು ಅವಳು. ಬೂನನ ಕೀರ್ತಿಯ ಅರ್ಧಭಾಗವು ರೆಬೆಕ್ಕಳ ದುಡಿಮೆಯ ಮೇಲೆ ನಿಂತಿತ್ತೆಂದರೆ ಉತ್ಪ್ರೇಕ್ಷೆಯಾಗದು.

ಕೆಂಟಕಿಯು ಯಾರದು ಎಂಬ ಪ್ರಶ್ನೆಯನ್ನು ಇಲ್ಲಿ ವಿವರಿಸುವುದು ಅವಶ್ಯಕ. 1763ರಲ್ಲಿ ಇಂಗ್ಲೆಂಡಿನ ಅರಸನು ಅಪಲೇಚಿಯನ್ ಪರ್ವತಶ್ರೇಣಿಯ ಪಡುವಣಕ್ಕೆ ಯಾರೂ ಒಕ್ಕಲು ಹೋಗಕೂಡದೆಂದು ಆಜ್ಞೆ ಹೊರಡಿಸಿದ್ದನು. 1768ರಲ್ಲಿ ಇರೊಕ್ವಾಯ್ ಒಕ್ಕೂಟದವರು ಒಹಾಯೊ ನದಿಯ ತೆಂಕಣದ ನೆಲವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಆದರೆ ಅಲ್ಲಿ ನಿಜವಾಗಿ ಬೇಟೆಯಾಡುತ್ತಿದ್ದ ಶಾನೀ ಜನರನ್ನು ಆ ಒಪ್ಪಂದದಲ್ಲಿ ಯಾರೂ ಕೇಳಲಿಲ್ಲ. ತನ್ನದಲ್ಲದುದನ್ನು ಒಬ್ಬನು ಕೊಟ್ಟನು, ಇನ್ನೊಬ್ಬನು ಕೊಂಡನು. ಮುಂದಿನ ರಕ್ತಪಾತಕ್ಕೆಲ್ಲ ಬೀಜವು ಅಲ್ಲಿಯೇ ಬಿತ್ತಲ್ಪಟ್ಟಿತು.

1769ರ ಮೇ 1ರಂದು ಬೂನನು ಫಿನ್ಲಿಯನ್ನೂ ಭಾವಮೈದುನ ಜಾನ್ ಸ್ಟೂವರ್ಟನನ್ನೂ ಮತ್ತೆ ಕೆಲವರನ್ನೂ ಕೂಡಿಕೊಂಡು ಕಂಬರ್ಲೆಂಡ್ ಕಣಿವೆಬಾಗಿಲಿನ ಮೂಲಕ ಕೆಂಟಕಿಗೆ ಹೋಗಲು ಹೊರಟನು. ಕಾಡುಕೋಣಗಳನ್ನು ಹೋಲುವ ಬೈಸನ್ ಹಿಂಡುಗಳೂ ಜಿಂಕೆಗಳೂ ತುಂಬಿದ್ದ ಹುಲ್ಲುನೆಲವನ್ನು ಕಂಡು ಅವರು ಬೆರಗಾದರು. ಡಿಸೆಂಬರ್ 22ರಂದು ಶಾನೀ ಜನರು ಬೂನನನ್ನೂ ಸ್ಟೂವರ್ಟನನ್ನೂ ಹಿಡಿದು, ಕೂಡಿಟ್ಟ ತೊಗಲುಗಳನ್ನೆಲ್ಲ ಕಿತ್ತುಕೊಂಡು, ಇದು ತಮ್ಮ ಬೇಟೆಯ ನೆಲ, ಮತ್ತೆ ಬರಬೇಡಿರೆಂದು ಎಚ್ಚರಿಸಿ ಬಿಟ್ಟುಬಿಟ್ಟರು. ಕೊಲ್ಲಬಹುದಾಗಿದ್ದವರನ್ನು ಎಚ್ಚರಿಸಿ ಕಳುಹಿದರೆಂಬುದನ್ನು ವಾಚಕರು ಗಮನಿಸಬೇಕು. ಬೂನನು ಆ ಎಚ್ಚರಿಕೆಯನ್ನು ಲೆಕ್ಕಿಸಲಿಲ್ಲ. ಮರುವರ್ಷ ಸ್ಟೂವರ್ಟನು ಕಾಡಿನಲ್ಲಿ ಕಾಣೆಯಾದನು. ವರ್ಷಗಳ ಮೇಲೆ ಅವನ ಮೂಳೆಗಳಷ್ಟೇ ದೊರೆತವು. ಕೆಲವು ಕಾಲ ಬೂನನು ಆ ಅರಣ್ಯದಲ್ಲಿ ಒಬ್ಬಂಟಿಗನಾಗಿಯೇ ಕಳೆದನು. ಬೇಟೆಯ ಬಿಡಾರದಲ್ಲಿ ಬೆಂಕಿಯ ಬೆಳಕಿಗೆ ಅವರು ಗಲಿವರನ ಪ್ರವಾಸಗಳ ಪುಸ್ತಕವನ್ನು ಓದುತ್ತಿದ್ದರು. ಆ ಕಥೆಯ ದೈತ್ಯರ ರಾಜಧಾನಿಯ ಹೆಸರು ಬೇಟೆಗಾರರ ಬಾಯಲ್ಲಿ ತಿರುಗಿ ಅಲ್ಲಿನ ಒಂದು ಹಳ್ಳಕ್ಕೆ ಲಲ್ಬಿಗ್ರಡ್ ಎಂಬ ಹೆಸರಾಗಿ ಇಂದಿಗೂ ಉಳಿದಿದೆ. ಓದು ಕಡಿಮೆಯಾದವನ ಚೀಲದಲ್ಲಿಯೂ ಮದ್ದುಗುಂಡುಗಳೊಡನೆ ಒಂದು ಪುಸ್ತಕವಿತ್ತೆಂಬುದು ಪಾಠ ಹೇಳುವವರಾದ ನಮಗೆ ಸಂತೋಷದ ಸಂಗತಿ.

1773ರ ಸೆಪ್ಟೆಂಬರಿನಲ್ಲಿ ಹೆಂಡತಿ ಮಕ್ಕಳನ್ನೂ ಸುಮಾರು ಐವತ್ತು ಮಂದಿಯನ್ನೂ ಕರೆದುಕೊಂಡು ಅಲ್ಲಿ ನೆಲಸಲೆಂದೇ ಬೂನನು ಹೊರಟನು. ಅಕ್ಟೋಬರ್ 10ರಂದು ಹಿರಿಯ ಮಗ ಜೇಮ್ಸನೂ ಅವನ ಸಂಗಡಿಗರೂ ಗುಂಪಿನಿಂದ ಬೇರೆಯಾಗಿ ಬಿಡಾರ ಮಾಡಿದ್ದಾಗ ಮೂಲನಿವಾಸಿಗಳ ಒಂದು ತಂಡವು ಅವರ ಮೇಲೆ ಬಿದ್ದು ಚಿತ್ರಹಿಂಸೆ ಕೊಟ್ಟು ಕೊಂದಿತು. ಜೇಮ್ಸನಿಗೆ ಆಗ ಹದಿನಾರು ವರ್ಷ. ಗುಂಪು ಹಿಂದಿರುಗಿತು. ಮರುವರ್ಷ ವರ್ಜೀನಿಯದ ಗವರ್ನರ್ ಡನ್‌ಮೋರನಿಗೂ ಶಾನೀ ಜನರಿಗೂ ಯುದ್ಧವು ಸಂಭವಿಸಿದಾಗ ಕೆಂಟಕಿಯಲ್ಲಿದ್ದ ಮೋಜಣಿದಾರರಿಗೆ ಎಚ್ಚರಿಕೆ ಕೊಡಲು ಬೂನನನ್ನು ಕಳುಹಿಸಿದರು. ಎರಡು ತಿಂಗಳಲ್ಲಿ 800 ಮೈಲಿಗಳಿಗೂ ಹೆಚ್ಚು ಸುತ್ತಿ ಆ ಕೆಲಸವನ್ನು ಮುಗಿಸಿ ಬಂದ ಅವನಿಗೆ ಪ್ರಾಂತದ ಪಡೆಯಲ್ಲಿ ಕ್ಯಾಪ್ಟನ್ ಪದವಿಯು ದೊರೆಯಿತು.

1775ರ ಮಾರ್ಚಿಯಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ನ್ಯಾಯಾಧಿಪತಿಯು ಟ್ರಾನ್ಸಿಲ್ವೇನಿಯ ಕಂಪೆನಿಯ ಹೆಸರಿನಲ್ಲಿ ಚೆರೋಕೀ ಮುಖಂಡರಿಂದ ಸುಮಾರು 2 ಕೋಟಿ ಎಕರೆ ನೆಲವನ್ನು 10,000 ಪೌಂಡು ಬೆಲೆಯ ಸಾಮಾನುಗಳಿಗೆ ಕೊಂಡನು. ಡ್ರ್ಯಾಗಿಂಗ್ ಕನೂ ಎಂಬ ತರುಣ ಮುಖಂಡನು ಈ ಮಾರಾಟವನ್ನು ವಿರೋಧಿಸಿ ಸಭೆಯಿಂದ ಎದ್ದುಹೋದನು. ಹೆಂಡರ್ಸನನು ದಾರಿ ಕಡಿಯುವ ಕೆಲಸವನ್ನು ಬೂನನಿಗೆ ಒಪ್ಪಿಸಿದನು. ಸುಮಾರು ಮೂವತ್ತು ಮಂದಿ ಕೊಡಲಿಯವರು, ಮುಂದೆ ಮರಗಳಿಗೆ ಗುರುತು ಕಡಿಯುತ್ತ ನಡೆಯುವ ಬೂನ್. ಹೀಗೆ ಪರ್ವತದ ಕಣಿವೆಬಾಗಿಲನ್ನು ದಾಟಿ ಕೆಂಟಕಿ ನದಿಯವರೆಗೆ ಸುಮಾರು 200 ಮೈಲಿಗಳ ಕಾಲುದಾರಿಯಾಯಿತು. ಅದೇ ಪ್ರಸಿದ್ಧವಾದ ಅರಣ್ಯಮಾರ್ಗ. ಅದರ ಕೊನೆಯಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಕೋಟೆಗೆ ಬೂನ್ಸ್‌ಬರೊ ಎಂದು ಹೆಸರಾಯಿತು. ಆ ಸೆಪ್ಟೆಂಬರಿನಲ್ಲಿ ರೆಬೆಕ್ಕಳೂ ಮಕ್ಕಳೂ ಅಲ್ಲಿಗೆ ಬಂದರು.

ಅದೇ ವರ್ಷ ಅಮೆರಿಕದ ಸ್ವಾತಂತ್ರ್ಯಯುದ್ಧವೂ ಮೊದಲಾಯಿತು. ಪೂರ್ವತೀರದಲ್ಲಿ ಅದು ಅರಸನ ಸೈನ್ಯಕ್ಕೂ ವಸಾಹತಿನವರಿಗೂ ನಡೆದ ಕಾಳಗ. ಕೆಂಟಕಿಯಲ್ಲಿ ಇಂಗ್ಲಿಷರ ಬೆಂಬಲ ಪಡೆದ ಮೂಲನಿವಾಸಿಗಳಿಗೂ ಹೊಸ ಒಕ್ಕಲುಗಳಿಗೂ ನಡೆದ ಕಾಳಗ. 1776ರ ಜುಲೈ 14ರಂದು ಬೂನನ ಮಗಳು ಜೆಮೈಮಳೂ ಕ್ಯಾಲವೇ ಮನೆತನದ ಇಬ್ಬರು ಹುಡುಗಿಯರೂ ನದಿಯಲ್ಲಿ ದೋಣಿ ನಡೆಸುತ್ತಿದ್ದಾಗ ಶತ್ರುಗಳು ಅವರನ್ನು ಹಿಡಿದೊಯ್ದರು. ಹುಡುಗಿಯರು ದಾರಿಯುದ್ದಕ್ಕೂ ಕಡ್ಡಿ ಮುರಿದು, ಹಿಮ್ಮಡಿಯಿಂದ ನೆಲ ಒತ್ತಿ ಗುರುತು ಬಿಡುತ್ತ ಹೋದರು. ಬೂನನು ಆ ಜಾಡು ಹಿಡಿದು ಎರಡು ದಿನಗಳಲ್ಲಿ ಬೆನ್ನಟ್ಟಿ ಮೂವರನ್ನೂ ಬಿಡಿಸಿ ತಂದನು. 1826ರಲ್ಲಿ ಫೆನಿಮೋರ್ ಕೂಪರನು ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯಲ್ಲಿ ಈ ಪ್ರಸಂಗದ ನೆರಳುಂಟು. 1777ರ ಏಪ್ರಿಲಿನಲ್ಲಿ ಶಾನೀ ಮುಖಂಡ ಬ್ಲ್ಯಾಕ್‌ಫಿಷನ ಪಡೆಯು ಕೋಟೆಯ ಮೇಲೆ ಬಿದ್ದಾಗ ಬೂನನ ಕಾಲಿನ ಗಂಟಿಗೆ ಗುಂಡು ತಗಲಿತು. ಸೈಮನ್ ಕೆಂಟನ್ ಎಂಬ ಎತ್ತರದ ತರುಣನು ಅವನನ್ನು ಹೊತ್ತುಕೊಂಡು ಕೋಟೆಯೊಳಗೆ ತಂದು ಉಳಿಸಿದನು.

ಕಡಲತಡಿಯವರಾದ ನಮಗೆ ಉಪ್ಪಿನ ಅಭಾವವೆಂದರೇನೆಂದು ತಿಳಿಯದು. ಸಮುದ್ರದಿಂದ ದೂರವಾದ ಕೆಂಟಕಿಯಲ್ಲಿ ಉಪ್ಪುನೀರಿನ ಬುಗ್ಗೆಗಳ ನೀರನ್ನು ಕೊಪ್ಪರಿಗೆಗಳಲ್ಲಿ ಕಾಸಿ ಉಪ್ಪು ತೆಗೆಯಬೇಕಾಗಿತ್ತು. ಉಪ್ಪಿಲ್ಲದಿದ್ದರೆ ಚಳಿಗಾಲಕ್ಕೆ ಮಾಂಸವು ಉಳಿಯದು. 1778ರ ಜನವರಿಯಲ್ಲಿ ಬೂನನು ಸುಮಾರು ಮೂವತ್ತು ಮಂದಿಯೊಡನೆ ಈ ಕೆಲಸಕ್ಕಾಗಿ ಬ್ಲೂ ಲಿಕ್ಸ್ ಎಂಬಲ್ಲಿಗೆ ಹೋದನು. ಫೆಬ್ರವರಿ 7ರಂದು ಒಬ್ಬನೇ ಬೇಟೆಗೆ ಹೋಗಿದ್ದಾಗ ಬ್ಲ್ಯಾಕ್‌ಫಿಷನ ದೊಡ್ಡ ಪಡೆಗೆ ಸಿಕ್ಕಿಬಿದ್ದನು. ಆ ಪಡೆಯು ಬೂನ್ಸ್‌ಬರೊ ಕಡೆಗೆ ಹೊರಟಿತ್ತು. ಕೋಟೆಯ ಗೋಡೆಯಿನ್ನೂ ಮುಗಿದಿರಲಿಲ್ಲ. ಒಳಗಿದ್ದವರಲ್ಲಿ ಹೆಂಗಸರೂ ಮಕ್ಕಳೂ ಹೆಚ್ಚು. ಬೂನನು ಒಂದು ಕಠಿಣ ನಿರ್ಣಯ ಮಾಡಿದನು. ತನ್ನ ಉಪ್ಪಿನ ತಂಡವನ್ನು ಹೋರಾಟವಿಲ್ಲದೆ ಸೆರೆಯೊಪ್ಪಿಸಿ, ಕೋಟೆಯನ್ನು ವಸಂತದಲ್ಲಿ ತಾನೇ ಒಪ್ಪಿಸುವೆನೆಂದು ನಂಬಿಸಿ, ಪಡೆಯನ್ನು ಹಿಂದಿರುಗಿಸಿದನು. ಸೆರೆಯಾದವರಲ್ಲಿ ಹಲವರು ಇದನ್ನು ದ್ರೋಹವೆಂದೇ ಬಗೆದರು.

ಒಹಾಯೊ ನದಿಯಾಚೆಯ ಚಿಲಿಕಾಥೆ ಎಂಬ ಊರಿನಲ್ಲಿ ಬ್ಲ್ಯಾಕ್‌ಫಿಷನು ಬೂನನನ್ನು ದತ್ತುಪುತ್ರನನ್ನಾಗಿ ಸ್ವೀಕರಿಸಿದನು. ಯುದ್ಧದಲ್ಲಿ ಸತ್ತ ಮಕ್ಕಳ ಸ್ಥಾನಕ್ಕೆ ಸೆರೆಯಾಳನ್ನು ತಂದುಕೊಳ್ಳುವುದು ಶಾನೀ ಜನರ ಕುಲಾಚಾರ. ಅವನಿಗೆ ಶೆಲ್ಟೊವೀ, ಅಂದರೆ ದೊಡ್ಡ ಆಮೆ, ಎಂದು ಹೆಸರಿಟ್ಟರು. ಬೂನನು ಅವರೊಡನೆ ಉಂಡು, ಬೇಟೆಯಾಡಿ, ಅವರ ಮನೆಯ ಮಗನಂತೆಯೇ ನಾಲ್ಕು ತಿಂಗಳು ಇದ್ದನು. ಆದರೆ ಕೋಟೆಯ ಮೇಲೆ ದೊಡ್ಡ ದಾಳಿಯ ಸಿದ್ಧತೆಯು ನಡೆದುದನ್ನು ಕಂಡು ಜೂನ್ 16ರಂದು ತಪ್ಪಿಸಿಕೊಂಡು, ಮೊದಲು ಕುದುರೆಯ ಮೇಲೂ ಅದು ಸೋತಮೇಲೆ ಕಾಲುನಡೆಯಲ್ಲಿಯೂ ಐದು ದಿನಗಳಲ್ಲಿ 160 ಮೈಲಿ ದಾಟಿ ಬೂನ್ಸ್‌ಬರೊ ಸೇರಿದನು. ಅಲ್ಲಿ ರೆಬೆಕ್ಕಳಿರಲಿಲ್ಲ. ಗಂಡನು ಸತ್ತನೆಂದು ನಂಬಿ ಅವಳು ಮಕ್ಕಳೊಡನೆ ಉತ್ತರ ಕ್ಯಾರೊಲಿನಾಕ್ಕೆ ಹೊರಟುಹೋಗಿದ್ದಳು. ಜೆಮೈಮಳೊಬ್ಬಳೇ ತಂದೆಯ ದಾರಿ ಕಾಯುತ್ತ ಉಳಿದಿದ್ದಳು.

ಸೆಪ್ಟೆಂಬರ್ 7ರಂದು ಬ್ಲ್ಯಾಕ್‌ಫಿಷನು ನಾಲ್ಕುನೂರಕ್ಕೂ ಹೆಚ್ಚು ಮಂದಿಯೊಡನೆ ಬಂದು ಕೋಟೆಯನ್ನು ಸುತ್ತಿದನು. ಮೊದಲು ಸಂಧಾನ ನಡೆಯಿತು. ಅದು ಕೈಕೈ ಮಿಲಾಯಿಸುವುದರಲ್ಲಿ ಮುರಿಯಿತು. ಮುತ್ತಿದವರು ಉರಿಯುವ ಪಂಜುಗಳನ್ನೆಸೆದರು. ನದಿಯ ದಡದಿಂದ ಸುರಂಗ ತೋಡಿದರು. ಮಳೆ ಬಂದು ಸುರಂಗವು ಕುಸಿಯಿತು. ಸುಮಾರು ಹತ್ತು ದಿನಗಳಾದ ಮೇಲೆ ಮುತ್ತಿಗೆಯನ್ನು ಎತ್ತಿದರು. ಕೋಟೆಯನ್ನು ಉಳಿಸಿದವನಿಗೆ ದೊರೆತ ಬಹುಮಾನವಾದರೋ ಸೈನಿಕ ನ್ಯಾಯಸಭೆಯ ವಿಚಾರಣೆ. ಉಪ್ಪಿನ ತಂಡವನ್ನು ಒಪ್ಪಿಸಿದನೆಂದೂ ಶತ್ರುವಿನೊಡನೆ ಸೇರಿದನೆಂದೂ ಸಂಗಡಿಗರಾದ ಅಧಿಕಾರಿಗಳೇ ಆರೋಪ ಹೊರಿಸಿದರು. ಸಭೆಯು ಅವನ ವಿವರಣೆಯನ್ನು ಕೇಳಿ ನಿರ್ದೋಷಿಯೆಂದು ತೀರ್ಮಾನಿಸಿತು. ಮೇಜರ್ ಪದವಿಗೂ ಏರಿಸಿತು. ಬೂನನು ಮಾತ್ರ ಆ ಅವಮಾನವನ್ನು ಕುರಿತು ಮುಂದೆ ಮಾತನಾಡಲು ಇಚ್ಛಿಸುತ್ತಿರಲಿಲ್ಲ.

ಆಮೇಲಿನ ವರ್ಷಗಳು ನಷ್ಟದ ವರ್ಷಗಳು. 1780ರಲ್ಲಿ ನೆರೆಯವರು ಭೂಮಿಯ ಹಕ್ಕುಪತ್ರಕ್ಕಾಗಿ ನಂಬಿ ಒಪ್ಪಿಸಿದ್ದ ಸುಮಾರು 20,000 ಡಾಲರ್ ಹಣವು ವರ್ಜೀನಿಯದ ಛತ್ರವೊಂದರಲ್ಲಿ ಅವನು ಮಲಗಿದ್ದಾಗ ಕಳವಾಯಿತು. ಕೆಲವರು ಮನ್ನಿಸಿದರು, ಕೆಲವರು ಪಟ್ಟು ಹಿಡಿದರು. ಅವರ ಹಣವನ್ನು ಅವನು ಹಲವು ವರ್ಷ ದುಡಿದು ತೀರಿಸಿದನು. ಅದೇ ವರ್ಷ ಅಕ್ಟೋಬರಿನಲ್ಲಿ ತಮ್ಮ ಎಡ್ವರ್ಡನು ಬೇಟೆಯಿಂದ ಹಿಂದಿರುಗುವಾಗ ಶಾನೀ ಜನರ ಕೈಯಲ್ಲಿ ಸತ್ತನು. 1781ರಲ್ಲಿ ವರ್ಜೀನಿಯದ ಶಾಸನಸಭೆಗೆ ಪ್ರತಿನಿಧಿಯಾಗಿ ಹೋದಾಗ ಇಂಗ್ಲಿಷ್ ಸವಾರರ ಕೈಗೆ ಸಿಕ್ಕಿ ಕೆಲವು ದಿನ ಸೆರೆಯಾಗಿದ್ದನು. 1782ರ ಆಗಸ್ಟ್ 19ರಂದು, ಯಾರ್ಕ್‌ಟೌನಿನಲ್ಲಿ ಇಂಗ್ಲಿಷರು ಶರಣಾಗಿ ಹತ್ತು ತಿಂಗಳಾದ ಮೇಲೆ, ಅದೇ ಬ್ಲೂ ಲಿಕ್ಸಿನಲ್ಲಿ ಕೆಂಟಕಿಯವರಿಗೆ ಘೋರವಾದ ಸೋಲಾಯಿತು. ಶತ್ರುವಿನ ಜಾಡು ಬೇಕೆಂದೇ ಬಿಟ್ಟಂತಿದೆ, ಆಚೆಯ ಕಣಿವೆಯಲ್ಲಿ ಹೊಂಚಿದೆ ಎಂದು ಬೂನನು ಎಚ್ಚರಿಸಿದನು. ಕೇಳದೆ ಕೆಲವರು ಹೊಳೆಗೆ ಕುದುರೆಯಿಳಿಸಿದರು, ಉಳಿದವರೂ ಹಿಂಬಾಲಿಸಿದರು. ಕೆಲವೇ ನಿಮಿಷಗಳಲ್ಲಿ ಸುಮಾರು ಎಪ್ಪತ್ತು ಮಂದಿ ಹತರಾದರು. ಬೂನನ ಮಗ ಇಸ್ರೇಲನು ತಂದೆಯ ಪಕ್ಕದಲ್ಲಿಯೇ ಬಿದ್ದನು. ಎರಡನೆಯ ಮಗನನ್ನೂ ಕೆಂಟಕಿಯ ನೆಲವು ತೆಗೆದುಕೊಂಡಿತು.

1784ರಲ್ಲಿ ಜಾನ್ ಫಿಲ್ಸನ್ ಎಂಬ ಉಪಾಧ್ಯಾಯನು ಕೆಂಟಕಿಯನ್ನು ಕುರಿತು ಬರೆದ ಪುಸ್ತಕಕ್ಕೆ ಬೂನನ ಸಾಹಸಗಳನ್ನು ಅನುಬಂಧವಾಗಿ ಸೇರಿಸಿದನು. ಅದು ಯುರೋಪಿನ ಭಾಷೆಗಳಿಗೂ ಅನುವಾದವಾಗಿ, ಐವತ್ತನೆಯ ವಯಸ್ಸಿಗೆ ಬೂನನು ಎರಡು ಖಂಡಗಳಲ್ಲಿ ಪ್ರಸಿದ್ಧನಾದನು. ಇಂಗ್ಲಿಷ್ ಕವಿ ಬೈರನನು ಸಹ ಅವನನ್ನು ತನ್ನ ಕಾವ್ಯದಲ್ಲಿ ಸ್ಮರಿಸಿದನು. ಮುಂದೆ ಚಿತ್ರಗಳೂ ಟೆಲಿವಿಷನ್ ಕಥೆಗಳೂ ಅವನ ತಲೆಗೆ ರಕೂನ್ ಎಂಬ ಪ್ರಾಣಿಯ ಬಾಲವಿರುವ ತೊಗಲು ಟೋಪಿಯನ್ನಿಟ್ಟವು. ಬೂನನು ಧರಿಸುತ್ತಿದ್ದುದು ಅಗಲ ಅಂಚಿನ ಹ್ಯಾಟು. ಕೀರ್ತಿಯು ಮನುಷ್ಯನ ಟೋಪಿಯನ್ನು ಸಹ ಬದಲಿಸದೆ ಬಿಡುವುದಿಲ್ಲ.

ಅರಣ್ಯಮಾರ್ಗದಲ್ಲಿ ಜನಪ್ರವಾಹವು ಹರಿದುಬಂದಿತು. 1790ರ ಜನಗಣತಿಯಲ್ಲಿ ಕೆಂಟಕಿಯ ಜನಸಂಖ್ಯೆಯು 73,677, 1800ರಲ್ಲಿ 2,20,955. ಈ ಲೆಕ್ಕದಲ್ಲಿ ಗುಲಾಮರಾಗಿ ತಂದ ಕರಿಯ ಜನರೂ ಸೇರಿದ್ದಾರೆಂಬುದನ್ನು ಮರೆಯಲಾಗದು. 1790ರಲ್ಲಿಯೇ ಅವರ ಸಂಖ್ಯೆ 12,000ಕ್ಕೂ ಹೆಚ್ಚು. ಬೂನನ ಮನೆಯಲ್ಲಿಯೂ 1787ರಲ್ಲಿ ಏಳು ಮಂದಿ ಗುಲಾಮರಿದ್ದರು. ವೀರನ ಚರಿತ್ರೆ ಬರೆಯುವವರು ಇದನ್ನು ಬಿಟ್ಟುಬಿಡುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಬೂನನು ಮೋಜಣಿದಾರನೂ ಭೂವ್ಯಾಪಾರಿಯೂ ಆದನು. ಸಾವಿರಾರು ಎಕರೆಗಳಿಗೆ ಹಕ್ಕು ಹೂಡಿದನು. ಆದರೆ ಆ ನಾಡಿನ ಮೋಜಣಿಯು ಕ್ರಮವಾಗಿ ನಡೆದುದಲ್ಲ. ಒಂದೇ ನೆಲಕ್ಕೆ ಮೂರು ನಾಲ್ಕು ಹಕ್ಕುಪತ್ರಗಳು, ಮಾಡಿನ ಹಂಚಿನಂತೆ ಒಂದರ ಮೇಲೊಂದು. ಮರವೊಂದನ್ನು ಗುರುತು ಹೇಳಿ ಎಲ್ಲೆ ಬರೆದರೆ, ಮರ ಬಿದ್ದೊಡನೆ ಎಲ್ಲೆಯೂ ಬಿತ್ತು. ಕಾಗದಪತ್ರ ಬಲ್ಲ ವಕೀಲರು ಬಂದರು. ಕಾಡು ಬಲ್ಲವನು ಸೋತನು. ದಾವೆಗಳಿಂದಲೂ ಸಾಲದಿಂದಲೂ ಅವನ ನೆಲವೆಲ್ಲ ಕರಗಿತು. 1798ರಲ್ಲಿ ಸಾಕ್ಷಿ ಹೇಳಲು ಬಾರದುದಕ್ಕಾಗಿ ಅವನ ಮೇಲೆ ದಸ್ತಗಿರಿಯ ವಾರಂಟು ಹೊರಟಿತು. ಅದೇ ವರ್ಷ ಕೆಂಟಕಿಯ ಶಾಸನಸಭೆಯು ಒಂದು ಜಿಲ್ಲೆಗೆ ಅವನ ಹೆಸರಿಟ್ಟು ಗೌರವಿಸಿತು. ಹೆಸರಿಗೆ ಜಿಲ್ಲೆ ದೊರೆಯಿತು, ಮನೆ ಕಟ್ಟಲು ನೆಲ ದೊರೆಯಲಿಲ್ಲ.

1799ರಲ್ಲಿ, ಅರುವತ್ತೈದರ ಮುದುಕನು, ಆಗ ಸ್ಪೇನಿನ ವಶದಲ್ಲಿದ್ದ ಮಿಸೂರಿಗೆ ವಲಸೆ ಹೋದನು. ಸ್ಪೇನಿನ ಅಧಿಕಾರಿಗಳು ಅವನನ್ನು ಫೆಮ್ ಓಸಾಜ್ ಪ್ರದೇಶದ ನ್ಯಾಯಾಧಿಕಾರಿಯನ್ನಾಗಿ ನೇಮಿಸಿ ಭೂಮಿಯನ್ನೂ ಕೊಟ್ಟರು. ಮರವೊಂದರ ನೆರಳಿನಲ್ಲಿ ಕುಳಿತು, ನಮ್ಮ ಹಳೆಯ ಊರ ಪಂಚಾಯತಿಯಂತೆ, ಅವನು ವ್ಯಾಜ್ಯ ತೀರಿಸುತ್ತಿದ್ದನೆಂದು ಹೇಳುತ್ತಾರೆ. 1803ರಲ್ಲಿ ಆ ಪ್ರದೇಶವೂ ಅಮೆರಿಕಕ್ಕೆ ಮಾರಾಟವಾಯಿತು. ಕಾಗದಪತ್ರಗಳು ಕ್ರಮಬದ್ಧವಾಗಿಲ್ಲವೆಂದು ಅವನ ಹಕ್ಕು ಮತ್ತೊಮ್ಮೆ ಬಿದ್ದುಹೋಯಿತು. ಮನವಿಯ ಮೇಲೆ 1814ರಲ್ಲಿ ಕಾಂಗ್ರೆಸ್ ಸಭೆಯು ಸುಮಾರು 850 ಎಕರೆಯನ್ನು ಕೊಟ್ಟಿತು. ಅದರಲ್ಲಿ ಹೆಚ್ಚಿನದನ್ನು ಕೆಂಟಕಿಯ ಹಳೆಯ ಸಾಲಗಳಿಗೆ ಮಾರಿ ಅವನು ಋಣಮುಕ್ತನಾದನು. ಅದನ್ನು ನೋಡಲು ರೆಬೆಕ್ಕಳಿರಲಿಲ್ಲ. 1813ರ ಮಾರ್ಚ್ 18ರಂದು ಅವಳು ತೀರಿಕೊಂಡಿದ್ದಳು. 1820ರ ಸೆಪ್ಟೆಂಬರ್ 26ರಂದು ಮಗ ನೇಥನನ ಕಲ್ಲುಮನೆಯಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಬೂನನೂ ಕಣ್ಣು ಮುಚ್ಚಿದನು. ಹೆಂಡತಿಯ ಸಮಾಧಿಯ ಬದಿಯಲ್ಲಿಯೇ ಅವನನ್ನೂ ಹೂಳಿದರು. 1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಅವಶೇಷಗಳನ್ನೂ ಅಗೆದು ಫ್ರಾಂಕ್‌ಫರ್ಟಿಗೆ ಒಯ್ದು ಸ್ಮಾರಕ ಕಟ್ಟಿದರು. ಒಯ್ದುದು ಬೇರೆಯವರ ಮೂಳೆ, ಬೂನನು ಇಲ್ಲಿಯೇ ಇದ್ದಾನೆ ಎಂದು ಮಿಸೂರಿಯವರ ವಾದ. ಬದುಕಿದ್ದಾಗ ನೆಲ ಕೊಡದ ರಾಜ್ಯಗಳು ಸತ್ತವನ ಮೂಳೆಗಾಗಿ ತಕರಾರು ಹೂಡಿದವು.

ಇನ್ನು ಶಾನೀ ಜನರ ಮಾತು. ಬೂನನನ್ನು ಮಗನೆಂದು ಕರೆದ ಬ್ಲ್ಯಾಕ್‌ಫಿಷನು 1779ರಲ್ಲಿ ಕೆಂಟಕಿಯ ಪಡೆಯು ಚಿಲಿಕಾಥೆಯ ಮೇಲೆ ಬಿದ್ದಾಗ ಆದ ಗಾಯದಿಂದ ಸತ್ತನು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಒಹಾಯೊ ನಾಡಿನ ಹೆಚ್ಚಿನ ಭಾಗವನ್ನು ಆ ಜನರು ಬಿಟ್ಟುಕೊಡಬೇಕಾಯಿತು. 1830ರ ದಶಕದಲ್ಲಿ ಉಳಿದವರನ್ನೂ ಪಡುವಣಕ್ಕೆ ಸಾಗಿಸಿದರು. ಇಂದು ಅವರ ಮೂರು ಬುಡಕಟ್ಟುಗಳು ಒಕ್ಲಹೋಮ ರಾಜ್ಯದಲ್ಲಿವೆ. ಅವರ ನೆಲಕ್ಕೆ ಹಕ್ಕುಪತ್ರವಿರಲಿಲ್ಲ, ಬೂನನಿಗೂ ಇರಲಿಲ್ಲ. ಆದರೆ ಒಬ್ಬನದು ತಾನಾಗಿ ಹುಡುಕಿಕೊಂಡು ಹೋದ ನಷ್ಟ, ಇನ್ನೊಬ್ಬರದು ಮನೆಬಾಗಿಲಿಗೆ ಬಂದ ನಷ್ಟ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಹಾಗಾದರೆ ಬೂನನನ್ನು ನಮ್ಮ ಮಕ್ಕಳಿಗೆ ಹೇಗೆ ಹೇಳಿಕೊಡಬೇಕು? ಅವನ ಧೈರ್ಯವನ್ನೂ, ನಂಬಿದವರ ಹಣ ತೀರಿಸಿದ ನಿಷ್ಠೆಯನ್ನೂ, ಇಬ್ಬರು ಮಕ್ಕಳನ್ನು ಕಳೆದುಕೊಂಡೂ ಶತ್ರುಕುಲವನ್ನು ದ್ವೇಷಿಸದೆ ಉಳಿದ ಮನಸ್ಸನ್ನೂ ಹೇಳೋಣ. ಅವನು ತೆರೆದ ದಾರಿಯು ಬರಿದಾದ ನೆಲಕ್ಕೆ ಹೋದುದಲ್ಲ, ಬೇರೊಬ್ಬರ ನೆಲಕ್ಕೆ ಹೋದುದೆಂಬುದನ್ನೂ ಅದೇ ಪಾಠದಲ್ಲಿ ಹೇಳೋಣ. ಗೆರೆಯ ಒಂದು ಬದಿಯ ಚರಿತ್ರೆಯನ್ನಷ್ಟೇ ಓದಿದರೆ ಅರ್ಧವನ್ನೇ ಓದಿದಂತೆಂಬುದನ್ನು ಗಡಿನಾಡಿನ ಮಕ್ಕಳಿಗೆ ಬೇರೆಯವರು ಬಂದು ತಿಳಿಸಬೇಕಾಗಿಲ್ಲ. ಮಿಸೂರಿಯಲ್ಲಿ ನೇಥನನ ಕಲ್ಲುಮನೆಯು ಇಂದಿಗೂ ನಿಂತಿದೆ; ಬೂನನ ಕಥೆ ಕೇಳಲು ಜನರು ಅಲ್ಲಿಗೆ ಹೋಗುತ್ತಾರೆ. ಆ ಕಥೆಯಲ್ಲಿ ಶೆಲ್ಟೊವೀ ಎಂಬ ಹೆಸರೂ, ಆ ಹೆಸರಿಟ್ಟ ತಂದೆಯೂ ಸೇರಿದ್ದಾರೆಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಡುವರೆಂದು ನಂಬಿದ್ದೇವೆ.